ಗೀಸರಿನ ಮೇಲಿನ ಕೆಂಪು ಚುಕ್ಕೆ

ಚುಕ್ಕೆ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಅರ್ಜಿ ತುಂಬುವಾಗ ಮಾತ್ರ ಹೊರಗೆ ಬರುತ್ತಿತ್ತು, ಆಗಲೂ ಹೆಂಡತಿಯೇ ಪಕ್ಕದಿಂದ ನೆನಪಿಸಬೇಕಾಗುತ್ತಿತ್ತು. ಮೂವತ್ತೊಂದು ವರ್ಷ ಅವನು ಮನೆಮನೆಯ ಗ್ಯಾಸ್ ಗೀಸರುಗಳನ್ನು ಬಿಚ್ಚಿ, ಉಜ್ಜಿ, ಮತ್ತೆ ಕಟ್ಟಿಕೊಟ್ಟ. ಕೆಲಸ ಮುಗಿದ ಮೇಲೆ ಗೀಸರಿನ ಮುಖದ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟು, ಕೆಳಗೆ ತಾರೀಖು ಬರೆಯುತ್ತಿದ್ದ. ಮೊದಮೊದಲು ಚೀಟಿ ಅಂಟಿಸಿದ, ಅದು ಹಬೆಗೆ ಉದುರಿತು. ಪೇಂಟು ಹಚ್ಚಿದ, ಅದು ಸಿಪ್ಪೆಯೆದ್ದಿತು. ಕೊನೆಗೆ ಹೆಂಡತಿಯ ನೇಲ್ ಪಾಲಿಶ್ ಕದ್ದ, ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. "ನನ್ನ ಉಗುರು ಬೋಳು, ಊರಿನ ಗೀಸರೆಲ್ಲ ಮದುಮಗಳು" ಎಂದು ಅವಳು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಆ ಚುಕ್ಕೆ ಸುಮ್ಮನೆ ಬೀಳುತ್ತಿರಲಿಲ್ಲ. ಅದಕ್ಕೆ ಮೊದಲು ಮೂರು ನೋಟ ಆಗಬೇಕಿತ್ತು. ಮೊದಲನೆಯದು ಉರಿ. ಅದು ನೀಲಿಯಾಗಿ ನೆಟ್ಟಗೆ ನಿಲ್ಲಬೇಕು. ಹಳದಿಗೆ ತಿರುಗಿದರೆ ಗ್ಯಾಸೂ ದಂಡ, ಗಾಳಿಯೂ ವಿಷ. ಎರಡನೆಯದು ಕಾಗದ. ಮೇಸ್ತ್ರಿಯ ಜೇಬಿನಲ್ಲಿ ಸದಾ ತೆಳು ಕಾಗದದ ಪಟ್ಟಿಗಳಿರುತ್ತಿದ್ದವು. ಹೊಗೆ ಕೊಳವೆ ಶುರುವಾಗುವ ಕಡೆ ಗೀಸರಿನ ನೆತ್ತಿಯಲ್ಲಿ ಒಂದು ಸಂದಿ ಇದೆ; ಅಲ್ಲಿ ಪಟ್ಟಿ ಹಿಡಿದರೆ ಅದು ಒಳಕ್ಕೆ ಬಾಗಬೇಕು. ಬಾಗಿದರೆ ಕೊಳವೆ ಹೊಗೆಯನ್ನು ಮೇಲಕ್ಕೆ ಎಳೆಯುತ್ತಿದೆ ಎಂದರ್ಥ. ಮೂರನೆಯದು ಮಾಳಿಗೆ. ಹತ್ತಿ ಹೋಗಿ, ಕೊಳವೆಯ ತುದಿಯ ಟೋಪಿ ತೆಗೆದು, ಟಾರ್ಚ್ ಬಿಟ್ಟು ಒಳಗೆ ಇಣುಕಬೇಕು. ಬೇರೆ ಮೆಕ್ಯಾನಿಕ್‌ಗಳು ಮೊದಲ ನೋಟಕ್ಕೇ ಕೈ ತೊಳೆದುಕೊಂಡು ಹೊರಡುತ್ತಿದ್ದರು.

"ಗೀಸರಿನ ಹೊಗೆಯಲ್ಲಿರೋ ಈ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ" ಎಂದು ಅವನು ಪ್ರತಿ ಮನೆಯಲ್ಲೂ ಶುರು ಮಾಡುತ್ತಿದ್ದ. "ಕಳ್ಳ ಬಂದ್ರೆ ನಾಯಿಯಾದ್ರೂ ಬೊಗಳುತ್ತೆ. ಇದು ಬಂದ್ರೆ ನಿಮಗೆ ನಿದ್ದೆ ಬಂದ ಹಾಗಿರುತ್ತೆ, ಅಷ್ಟೇ." ಮನೆಯವರು ತಲೆಯಾಡಿಸುತ್ತ ಗಡಿಯಾರ ನೋಡುತ್ತಿದ್ದರು.

ನೀರನ್ನು ಕೊತಕೊತ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ಮೈಗೆ ಹಿತವಾಗೋ ಕಡೆ ತಿರುಗಿಸಿ ಬಿಟ್ಟುಬಿಡ್ರಿ. ಕಾಯಿಸೋದೂ ನೀವೇ, ಆರಿಸೋದೂ ನೀವೇ, ಮಧ್ಯದಲ್ಲಿ ಗ್ಯಾಸ್ ಏನು ಪಾಪ ಮಾಡಿತ್ತು?" ಬಿಸಿನೀರಿನ ಪೈಪಿಗೆ ಹಳೇ ಕಂಬಳಿ ಸುತ್ತಿಸುತ್ತಿದ್ದ. ಮಲಗುವ ಕೋಣೆಯ ಕಿಟಕಿ ಸಂದಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ, ಕರೆಂಟ್ ಹೀಟರ್ ಅರ್ಧಕ್ಕಿಟ್ಟರೂ ಸಾಕಾಗುತ್ತದೆ ಎನ್ನುತ್ತಿದ್ದ. ಬಚ್ಚಲುಮನೆಯ ಕಿಟಕಿಯ ಮಾತು ಬಂದಾಗ ಮಾತ್ರ ನಾಲ್ಕು ಬೆರಳು ಎತ್ತಿ ತೋರಿಸುತ್ತಿದ್ದ. ಎಂಥ ಚಳಿಯಿದ್ದರೂ ಇದು ಇಷ್ಟು ತೆರೆದಿರಬೇಕು. ಜನ ಉಳಿತಾಯದ ಮಾತನ್ನು ಕಿವಿಗೆ ಹಾಕಿಕೊಂಡರು, ನಾಲ್ಕು ಬೆರಳನ್ನು ಗಾಳಿಗೆ ಬಿಟ್ಟರು. ಚುಕ್ಕೆ ಇರುವಾಗ ಕಿಟಕಿಯ ಹಂಗೇಕೆ?

ನಂಬಿಕೆ ಅಂದರೆ ಹಾಗಿತ್ತು. ಮನೆ ಬಾಡಿಗೆಗೆ ಕೇಳಲು ಬಂದವರು ಅಡುಗೆಮನೆ ನೋಡುವುದಕ್ಕೆ ಮೊದಲು ಬಚ್ಚಲಿಗೆ ನುಗ್ಗಿ ಚುಕ್ಕೆ ಹುಡುಕುತ್ತಿದ್ದರು. ಮೇಸ್ತ್ರಿಗೂ ಒಳಗೊಳಗೇ ಹೆಮ್ಮೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಕುಡಿಯದ, ಬೀಡಿ ಸೇದದ ಮನುಷ್ಯನಿಗೆ ಅಮಲು ಎಂದಿದ್ದರೆ ಅದೊಂದೇ.

ಐವತ್ತೆಂಟಕ್ಕೆ ಅವನ ಬಲ ಮಂಡಿ ಕೈಕೊಟ್ಟಿತು.

ಆ ವರ್ಷ ಚಳಿ ಬೀಳುವ ಮುಂಚೆ, ಒಂದು ಮಧ್ಯಾಹ್ನ, ಮೂರು ಮಹಡಿಯ ಹಳೇ ಕಟ್ಟಡವೊಂದಕ್ಕೆ ಹೋದ. ಮನೆಯೊಡತಿ ಕೆಳಗಿದ್ದಳು. ಮೇಲಿನ ಮನೆಯಲ್ಲಿ ಒಬ್ಬ ಟೈಲರ್ ಹೆಂಗಸು ಒಂಟಿಯಾಗಿದ್ದಳು. ವಯಸ್ಸು ಮೂವತ್ತೈದರ ಆಚೀಚೆ. ಕಿಟಕಿಗೆ ತಾಗಿಸಿ ಹೊಲಿಗೆ ಯಂತ್ರ, ಅದರ ಸುತ್ತ ಶಾಲಾ ಮಕ್ಕಳ ನೀಲಿ ಯೂನಿಫಾರ್ಮ್‌ಗಳ ರಾಶಿ. ಕತ್ತರಿಸಿದ ದಾರದ ತುಂಡುಗಳನ್ನು ಅವಳು ಮುಷ್ಟಿಯಲ್ಲಿ ಒಟ್ಟುಮಾಡಿ ಕಿಟಕಿಯಿಂದ ಹೊರಗೆ ಉದುರಿಸುವುದನ್ನು ಮೇಸ್ತ್ರಿ ಆ ದಿನವೂ ನೋಡಿದ. ಅವಳ ಅಣ್ಣ ಎರಡು ಬೀದಿ ಆಚೆ ಇದ್ದ, ಬಟ್ಟೆ ತಂದುಕೊಟ್ಟು ಹೊಲಿದದ್ದನ್ನು ಒಯ್ಯುತ್ತಿದ್ದ.

ಮೇಸ್ತ್ರಿ ಬರ್ನರ್ ತೊಳೆದು ಹಚ್ಚಿದ. ಉರಿ ನೀಲಿಯಾಗಿತ್ತು. ಕಾಗದ ಹಿಡಿದ. ಅದು ನಡುಗಿತು. ಬಾಗಲಿಲ್ಲ, ನಡುಗಿತು. ಕಿಟಕಿ ತೆರೆದಿದೆ, ಗಾಳಿಗೆ ಹಾಗಾಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರ ಜನ್ಮ ಜಾಲಾಡುತ್ತಿದ್ದ. ಕೊಳವೆಯ ತುದಿ ಇದ್ದದ್ದು ಮಾಳಿಗೆಯ ಮೇಲಿನ ಟ್ಯಾಂಕಿನ ಕಟ್ಟೆಯಲ್ಲಿ; ಅದಕ್ಕೆ ಕಬ್ಬಿಣದ ಏಣಿ, ಇಪ್ಪತ್ತೆರಡು ಮೆಟ್ಟಿಲು. ಮೂರು ಮಹಡಿ ಹತ್ತಿ ಬಂದಾಗಲೇ ಮಂಡಿ ಊದಿಕೊಂಡಿತ್ತು.

"ಮೇಲೆ ಹತ್ತಲೇಬೇಕಾ ಮೇಸ್ತ್ರಿಗಳೇ? ಕಾಲು ಎಳೀತಿದೀರ" ಎಂದಳು ಟೈಲರ್ ಹೆಂಗಸು.

"ಹತ್ತದೆ ಚುಕ್ಕೆ ಇಡೋ ಹಾಗಿಲ್ಲ ಕಣಮ್ಮ."

"ಹೋದ ವರ್ಷ ನೀವೇ ಹತ್ತಿ ನೋಡಿದ್ರಲ್ಲ. ಅಲ್ಲಿ ಯಾರು ಹೋಗಿರ್ತಾರೆ? ಒಂದು ಸಲ ಬಿಟ್ರೆ ಏನಾಗಲ್ಲ. ಕೂತ್ಕೊಳ್ಳಿ, ಕುಡಿಯೋಕೆ ಏನಾದ್ರೂ ಕೊಡ್ತೀನಿ."

ಅವಳು ಕನಿಕರದಿಂದಲೇ ಹೇಳಿದ್ದಳು. ಮೇಸ್ತ್ರಿ ಕೂತ. ಚಹಾ ಕುಡಿದ. ಚೀಲದಿಂದ ನೇಲ್ ಪಾಲಿಶ್ ಸೀಸೆ ತೆಗೆದು ಚುಕ್ಕೆ ಇಟ್ಟು ತಾರೀಖು ಬರೆದ. ಇಳಿಯುವಾಗ ರೂಢಿಯಂತೆ ನಾಲ್ಕು ಬೆರಳು ಎತ್ತಿದ, ಅವಳು ಆಗಲೇ ಯಂತ್ರಕ್ಕೆ ಬೆನ್ನು ಬಗ್ಗಿಸಿದ್ದಳು. ಮೂವತ್ತೊಂದು ವರ್ಷದಲ್ಲಿ ಮೂರನೆಯ ನೋಟ ತಪ್ಪಿದ್ದು ಅದೊಂದೇ ಸಲ.

ಒಂಬತ್ತು ದಿನ ಕಳೆದ ಮೇಲೆ ಚಳಿ ಒಮ್ಮೆಲೇ ಅಮರಿಕೊಂಡಿತು. ಅವಳು ಬಚ್ಚಲಿನ ಕಿಟಕಿ ಎಳೆದು, ಸಂದಿಗೆ ಹಳೇ ಪೇಪರ್ ತುರುಕಿ, ಬೆಳಿಗ್ಗೆ ಸ್ನಾನಕ್ಕೆ ಹೋದಳು. ಅಣ್ಣ ಬಟ್ಟೆಯ ಗಂಟು ಹೊತ್ತುಕೊಂಡು ಬಂದಾಗ ಯಂತ್ರ ಸುಮ್ಮನಿತ್ತು, ಬಚ್ಚಲಲ್ಲಿ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು. ಎಷ್ಟು ಕರೆದರೂ ಉತ್ತರವಿಲ್ಲ. ಬಾಗಿಲು ಒಡೆದ. ಅವಳು ಬಾಗಿಲಿಗೇ ತಲೆಯಾನಿಸಿ ಬಿದ್ದಿದ್ದಳು, ಕೈ ಚಿಲಕದವರೆಗೆ ಹೋಗಿ ವಾಪಸು ಬಂದಿತ್ತು. ಉಸಿರು ಇತ್ತು, ಇದೆಯೋ ಇಲ್ಲವೋ ಎನ್ನುವಷ್ಟು.

ಸುದ್ದಿ ಮುಟ್ಟುವಾಗ ಮೇಸ್ತ್ರಿ ಬೇರೊಂದು ಮನೆಯಲ್ಲಿ ಬರ್ನರ್ ಉಜ್ಜುತ್ತಿದ್ದ. ಬ್ರಷ್ ಅಲ್ಲೇ ಬಿಟ್ಟು ಓಡಿದ. ಅವನು ಬರುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಯಾರನ್ನೂ ಕೇಳದೆ ನೇರ ಮಾಳಿಗೆಗೆ ಹೋಗಿ ಏಣಿ ಹತ್ತಿದ. ಇಪ್ಪತ್ತೆರಡು ಮೆಟ್ಟಿಲು. ಅವತ್ತು ಮಂಡಿ ಚಕಾರ ಎತ್ತಲಿಲ್ಲ. ಟೋಪಿ ತೆಗೆದರೆ ಕೆಳಗೆ ಹಕ್ಕಿಗೂಡು. ಕಡ್ಡಿ, ಒಣಹುಲ್ಲು, ನಡುವೆ ಮೆತ್ತೆ ಹಾಸಿದ ಹಾಗೆ ನೀಲಿ ದಾರದ ತುಂಡುಗಳು. ಅವಳ ಕಿಟಕಿಯಿಂದ ಉದುರಿದ್ದನ್ನೇ ಹಕ್ಕಿ ಒಂದೊಂದಾಗಿ ಆರಿಸಿ ತಂದಿತ್ತು. ಮೇಸ್ತ್ರಿ ಕೊಳವೆಯನ್ನು ತಬ್ಬಿಕೊಂಡು ಅಲ್ಲೇ ಕುಕ್ಕರಿಸಿ, ಯಾರಿಗಾದರೂ ಕೇಳೀತೆಂಬ ಪರಿವೆಯೂ ಇಲ್ಲದೆ ಅತ್ತ.

ಗ್ಯಾಸ್ ಕಚೇರಿಯವನು ಬಂದು ತನಿಖೆ ಮಾಡಿದ. ಕೊಳವೆಯಲ್ಲಿ ಗೂಡು, ಕಿಟಕಿಯಲ್ಲಿ ಪೇಪರ್, ಗೀಸರಿನ ಮೇಲೆ ಒಂಬತ್ತು ದಿನ ಹಳೆಯ ಚುಕ್ಕೆ. "ಚುಕ್ಕೆ ಮೇಸ್ತ್ರಿ ನೋಡಿದಾರೆ ಅಂದ ಮೇಲೆ ಆಗ ಸರಿಯಾಗೇ ಇತ್ತು. ಹಕ್ಕಿ ಆಮೇಲೆ ಕಟ್ಟಿದೆ. ಕಿಟಕಿ ಮುಚ್ಚಿದ್ದು ಬಾಡಿಗೆಯವರ ಬೇಜವಾಬ್ದಾರಿ" ಎಂದು ಬರೆದುಕೊಂಡು ಹೋದ. ಮನೆಯೊಡತಿ ನಿಟ್ಟುಸಿರು ಬಿಟ್ಟಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಮೇಸ್ತ್ರಿಗೆ ಮಾತ್ರ ಆ ಸಾವಿರ ವರ್ಷವನ್ನು ಹೇಗೆ ಕಳೆಯುವುದು ಎಂದು ತೋಚಲಿಲ್ಲ. ಬೀದಿಯಲ್ಲಿ ಯಾರಾದರೂ "ಗೂಡು" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಹೆಂಡತಿಗೆ ಹೇಳಿದ.

"ಯಾರಿಗೂ ಗೊತ್ತಿಲ್ಲ ರೀ" ಎಂದಳು ಅವಳು. "ಈ ವಯಸ್ಸಲ್ಲಿ ಬೇರೆ ಯಾವ ಕೆಲಸ ಕಲೀತೀರಿ? ಬಾಯಿ ಮುಚ್ಕೊಂಡಿರಿ."

"ಆ ಹೆಣ್ಣುಮಗಳ ಮೇಲೆ ಬರೆದಿದಾರೆ ಕಣೇ, ಅವಳದ್ದೇ ತಪ್ಪು ಅಂತ."

"ಕಿಟಕಿ ಮುಚ್ಚಿದ್ದು ಅವಳೇ ತಾನೇ?"

"ಚುಕ್ಕೆ ನೋಡಿ ಮುಚ್ಚಿದಳು."

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಸಾಮಾನಿನ ಚೀಲ ತೆರೆದಾಗ ನೇಲ್ ಪಾಲಿಶ್ ಇದ್ದ ಜಾಗದಲ್ಲಿ ಅದನ್ನು ಅಳಿಸುವ ರಿಮೂವರ್ ಸೀಸೆ, ಪಕ್ಕದಲ್ಲಿ ಒಂದು ಹತ್ತಿಯ ಉಂಡೆ ಇದ್ದವು. ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ತಿರುಗಿ ನೋಡಲಿಲ್ಲ.

ಹೋಗಿ ಹೇಳಿದ. ಗ್ಯಾಸ್ ಕಚೇರಿಯವನು, "ಫೈಲ್ ಮುಗಿದಿದೆ, ಮತ್ತೆ ಯಾಕೆ ಕೆದಕ್ತೀರಿ? ಹಕ್ಕಿ ಯಾವಾಗ ಕಟ್ಟಿತು ಅಂತ ನೀವು ನೋಡಿದ್ರಾ?" ಎಂದ. ನೋಡಿರಲಿಲ್ಲ, ತಪ್ಪು ಅದೇ ಎಂದರೆ ಅವನಿಗೆ ಅರ್ಥವಾಗಲಿಲ್ಲ. ಮನೆಯೊಡತಿ, "ನಿಮಗೆ ತಲೆಗಿಲೆ ಕೆಟ್ಟಿದೆಯಾ? ಇದನ್ನ ಹೊರಗೆ ಹೇಳಿದ್ರೆ ನನ್ನ ಮನೆಗೆ ಯಾರು ಬರ್ತಾರೆ?" ಎಂದು ಬಾಗಿಲು ಹಾಕಿಕೊಂಡಳು. ಆಸ್ಪತ್ರೆಯ ವರಾಂಡದಲ್ಲಿ ಅಣ್ಣ ಸಿಕ್ಕ. ಅವನು ಹೊಡೆಯಲಿ ಎಂದೇ ಮೇಸ್ತ್ರಿ ಹತ್ತಿರ ನಿಂತು ಹೇಳಿದ. ಅಣ್ಣ ಹೊಡೆಯಲಿಲ್ಲ. "ನೂರು ಸಲ ಹೇಳಿದ್ದೆ ಅವಳಿಗೆ, ಕಿಟಕಿ ತೆಗೆದಿಡು ಅಂತ. ಕೇಳಿದ್ರೆ ತಾನೇ" ಎಂದು ಗೋಡೆ ನೋಡುತ್ತ ನಿಂತ. ಅವನು ಒಂದು ಸಲವೂ ಹೇಳಿರಲಿಲ್ಲ. ಹೇಳಬೇಕಿತ್ತು ಎಂಬುದು ಅವನನ್ನೂ ಕೊರೆಯುತ್ತಿತ್ತು, ಆ ಭಾರವನ್ನು ತಂಗಿಯ ತಲೆಗೆ ಕಟ್ಟಿದರೆ ಅವನಿಗೆ ಹಗುರವಾಗುತ್ತಿತ್ತು.

ಚಳಿ ಮುಗಿಯುವವರೆಗೆ ಮೇಸ್ತ್ರಿ ಮನೆಮನೆಗೆ ಹೋಗಿ ಚುಕ್ಕೆ ಅಳಿಸಿದ. ಹಳೆಯದನ್ನೆಲ್ಲ ನೀವು ಹತ್ತಿ ನೋಡಿದ್ರಲ್ಲ ಎಂದು ಹೆಂಡತಿಯೇ ಕೇಳಿದಳು. ನೋಡಿದ್ದ. ಆದರೆ ಚುಕ್ಕೆಯೊಂದು ಸುಳ್ಳು ಹೇಳಿದ ಮೇಲೆ ಉಳಿದವು ನಿಜ ಹೇಳುತ್ತವೆ ಎಂದು ಜನ ಯಾಕೆ ನಂಬಬೇಕು? "ಗಾಳಿಯ ಲೆಕ್ಕ ದಿನಾ ಬದಲಾಗುತ್ತೆ. ಇದನ್ನ ನಂಬಬೇಡಿ, ಕಿಟಕಿ ನಂಬಿ" ಎಂದು ರಿಮೂವರ್ ಹಚ್ಚಿ ಉಜ್ಜುತ್ತಿದ್ದ. ಕೆಲವರು ಬೈದರು, ಕೆಲವರು ಒಳಗೇ ಬಿಡಲಿಲ್ಲ. ಮುಂದಿನ ವರ್ಷ ಕರೆದವರು ಬೆರಳೆಣಿಕೆಯಷ್ಟು ಜನ. ಊರಿನ ಬಚ್ಚಲುಗಳಲ್ಲಿ ಬೇರೆ ಮೆಕ್ಯಾನಿಕ್‌ಗಳ ಸ್ಟಿಕ್ಕರುಗಳು ಬಂದವು.

ಟೈಲರ್ ಹೆಂಗಸು ಉಳಿದುಕೊಂಡಳು. ಉಳಿದದ್ದು ಪೂರ್ತಿ ಅಲ್ಲ. ಬೆರಳು ನಡುಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ಬೆಳಿಗ್ಗೆ ಕೇಳಿದ್ದು ಸಂಜೆಗೆ ನೆನಪಿರುತ್ತಿರಲಿಲ್ಲ. ಹಳೆಯದೆಲ್ಲ ಗಟ್ಟಿ, ಹೊಸದು ಕೈಯಿಂದ ನೀರು ಸೋರಿದ ಹಾಗೆ. ಯಂತ್ರ ಮಾರಿದರು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅವಳು ಗುಂಡಿ ಹಚ್ಚುವ ಕೆಲಸ ಮಾಡುತ್ತಾಳೆ. ಎರಡು ಗುಂಡಿ ಹಚ್ಚುವುದಕ್ಕೆ ಒಂದು ಗಂಟೆ ಬೇಕು, ಆದರೂ ಬಿಡುವುದಿಲ್ಲ.

ಪ್ರತಿ ಮಂಗಳವಾರ ಮೇಸ್ತ್ರಿ ಅಲ್ಲಿಗೆ ಹೋಗುತ್ತಾನೆ. ಆ ಮನೆಯ ಗೀಸರನ್ನು ಅವನೇ ಬಚ್ಚಲಿನಿಂದ ಕಿತ್ತು ಹೊರಗಿನ ತೆರೆದ ಗೋಡೆಗೆ ಹಾಕಿಕೊಟ್ಟಿದ್ದಾನೆ. ಕನ್ನಡಕ ಏರಿಸಿ ಕೂತು, ವಾರಕ್ಕೆ ಸಾಕಾಗುವಷ್ಟು, ಮೂವತ್ತು ಸೂಜಿಗಳಿಗೆ ದಾರ ಪೋಣಿಸಿ ಬಟ್ಟೆಯ ದಿಂಡಿಗೆ ಸಾಲಾಗಿ ಚುಚ್ಚಿಡುತ್ತಾನೆ. ನಾಲ್ಕೋ ಐದೋ ಸೂಜಿ ಆಗುವಷ್ಟರಲ್ಲಿ ಅವಳು ಕೇಳಿಯೇ ಕೇಳುತ್ತಾಳೆ.

"ಮೇಸ್ತ್ರಿಗಳೇ, ನನಗೇನಾಯ್ತು? ಬೆಳಿಗ್ಗೆ ಅಣ್ಣ ಹೇಳ್ದ, ನಂದೇ ತಪ್ಪಂತೆ. ಕಿಟಕಿ ಮುಚ್ಚಿಬಿಟ್ಟೆನಂತೆ."

"ನಿಂದಲ್ಲ ಕಣಮ್ಮ, ನಂದು" ಎಂದು ಅವನು ಶುರುವಿನಿಂದ ಹೇಳುತ್ತಾನೆ. ನಡುಗಿದ ಕಾಗದ, ಹತ್ತದ ಏಣಿ, ಇಟ್ಟ ಚುಕ್ಕೆ. ಒಂದು ಸಲ ಬಿಡಿ ಎಂದು ಅವಳೇ ಹೇಳಿದ್ದನ್ನು ಮಾತ್ರ ಇವತ್ತಿನವರೆಗೆ ಬಾಯಿಬಿಟ್ಟಿಲ್ಲ. ಅವಳಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಒಂದು ವಾರ ಕಿರುಚುತ್ತಾಳೆ, ಒಂದು ವಾರ ದಿಂಡನ್ನೇ ಅವನ ಮುಖಕ್ಕೆ ಎಸೆಯುತ್ತಾಳೆ. ಸೂಜಿಗಳನ್ನು ಒಂದೊಂದಾಗಿ ಹೆಕ್ಕಿ ಅವನು ಮತ್ತೆ ಚುಚ್ಚುತ್ತಾನೆ.

ಹೋದ ಮಂಗಳವಾರ ಅವಳು ಪೂರ್ತಿ ಕೇಳಿಸಿಕೊಂಡು, ಅವನು ಎಳೆದುಕೊಂಡು ಬಂದ ಕಾಲನ್ನು ನೋಡಿದಳು.

"ಮಂಡಿ ನೋವಿತ್ತಲ್ಲ ನಿಮಗೆ" ಎಂದಳು. "ಪರವಾಗಿಲ್ಲ ಬಿಡಿ. ಅಣ್ಣನಿಗೆ ಹೇಳ್ತೀನಿ, ನಂದಲ್ಲ ಅಂತ."

ಮೇಸ್ತ್ರಿ ಕನ್ನಡಕ ತೆಗೆದು ಒರೆಸಿಕೊಂಡ. ಅಣ್ಣ ಬರುವುದು ಸಂಜೆಗೆ. ಅಷ್ಟರಲ್ಲಿ ಅವಳು ಮರೆತಿರುತ್ತಾಳೆ. ಅವನು ಮುಂದಿನ ಸೂಜಿ ಎತ್ತಿಕೊಂಡು ದಾರದ ತುದಿಯನ್ನು ತುಟಿಗೆ ತಾಗಿಸಿದ.