ನಿಲ್ಲದೆ ಹೋದ ಟಂಟಂ

ಮೊನ್ನೆ ರವಿವಾರ ಸಿಂದಗಿಯಲ್ಲಿ ಗೆಳೆಯ ಮಲ್ಲಪ್ಪನ ಮನೆಗೆ ಊಟಕ್ಕೆ ಹೋಗಿದ್ದೆ. ಅವನು ಹೊಲದಿಂದ ಇನ್ನೂ ಬಂದಿರಲಿಲ್ಲ. ಕಾಲೇಜು ಓದುವ ಅವನ ಮಗಳು ಭಾರತಿ ಚಾಪೆಯ ಮೇಲೆ ಕುಳಿತು ಟೀವಿಯಲ್ಲಿ ರಶಿಯಾದ ಸಿನಿಮಾ ಒಂದನ್ನು ನೋಡುತ್ತಿದ್ದಳು. ಹಿಂದಿಯಲ್ಲಿ ಮಾತು ಕೂಡಿಸಿದ್ದರು. ತುಟಿ ಮುಚ್ಚಿದ ಮೇಲೂ ಮಾತು ನಡೆದೇ ಇರುತ್ತಿತ್ತು. ಏನೋ ಅಪರಾಧ ಮಾಡಿದ ಮೂವರು ಗೆಳೆಯರು ಹಳೆಯ ಕಾರಿನಲ್ಲಿ ಓಡುತ್ತಿದ್ದಾರೆ. ಹಿಂದೆ ಪೊಲೀಸರು, ಮುಂದೆ ಕಣ್ಣು ಹರಿದಷ್ಟೂ ಹಿಮ. ನಾನು ಚಹಾ ಕುಡಿಯುತ್ತ ನಮ್ಮ ಮಂದಿಗೆ ಇಷ್ಟು ಥಂಡಿ ಬಿದ್ದರೆ ಏನು ಗತಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆ ಕಾರು ರಸ್ತೆಯಲ್ಲಿದ್ದ ಯಾವುದಕ್ಕೋ ಹಾಯಿತು. ಧಡ್ ಎಂದಿತು. ನಡೆಸುವವನ ಕಾಲು ಬ್ರೇಕಿನ ಕಡೆ ಹೋಯಿತು. ಪಕ್ಕದಲ್ಲಿದ್ದವನು ನಿಲ್ಲಿಸಬೇಡ ಎಂದು ಕೂಗಿದ. ಕಾರು ನಿಲ್ಲಲಿಲ್ಲ.

"ನೋಡ್ರಿ ಕಾಕಾ, ಇಲ್ಲೇ ನಿಂತಿದ್ರ ಸಿನಿಮಾ ಅರ್ಧಾ ತಾಸಿನ್ಯಾಗ ಮುಗದ ಹೋಗತಿತ್ತು" ಎಂದು ಭಾರತಿ ನಕ್ಕಳು.

ನನಗೆ ನಗು ಬರಲಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟೆ. ನಮ್ಮ ಅಜ್ಜ ಭಯ ಎನ್ನುತ್ತಿರಲಿಲ್ಲ, ಅಂಜಿಕೆ ಎನ್ನುತ್ತಿದ್ದ. ಭಯ ಪುರಾಣದಲ್ಲಿ ಇರುವಂಥದ್ದು, ಅಂಜಿಕೆ ಹೊಟ್ಟೆಯಲ್ಲಿ ಇರುವಂಥದ್ದು ಎಂಬುದು ಅವನ ಲೆಕ್ಕ. ಅಂಥ ಅಂಜಿಕೆಯ ಎರಡು ದಿನಗಳು ನನ್ನ ಆಯುಷ್ಯದಲ್ಲಿವೆ. ಅವುಗಳ ಕಥೆಯನ್ನು ಊರೆಲ್ಲ ನಗಿಸುತ್ತ ಹೇಳಿದ್ದೇನೆ. ಇಂದು ನಿಮಗೆ ಬೇರೆ ರೀತಿ ಹೇಳುತ್ತೇನೆ, ಕೇಳಿ.

ಹದಿನೈದು ವರ್ಷವಾಗಿರಬೇಕು. ಆಗ ನಾವು ಇಂಡಿಯಲ್ಲಿದ್ದೆವು. ಮಲ್ಲಪ್ಪ ತನ್ನ ಸೋದರಮಾವನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ನಿಂಬೆಕಾಯಿ ಹೇರಿಕೊಂಡು ಸಿಂದಗಿಯ ಪೇಟೆಗೆ ಹೊರಟಿದ್ದ. ಅವನ ಹತ್ತಿರ ಲೈಸೆನ್ಸ್ ಇರಲಿಲ್ಲ. ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಭಾರತಿ ಇದ್ದರು. ನಮ್ಮ ಇನ್ನೊಬ್ಬ ಗೆಳೆಯ ದಸ್ತಗೀರ ದರ್ಜಿ. ಅವನಿಗೆ ಸಿಂದಗಿಯಿಂದ ದಾರದ ಉಂಡೆ ಬೇಕಾಗಿದ್ದವು. ನನಗೆ ಏನೂ ಬೇಕಾಗಿರಲಿಲ್ಲ. ಮಾಸ್ತರಿಕೆಯ ಆದೇಶದ ಹಾದಿ ಕಾಯುತ್ತ ಮನೆಯಲ್ಲಿ ಕುಳಿತು ಬೇಸತ್ತಿದ್ದೆ. ಕರೆದರೆ ಯಾವ ಗಾಡಿಯಾದರೂ ಹತ್ತುವ ಕಾಲ. ಮುಂದೆ ಮಲ್ಲಪ್ಪನ ಪಕ್ಕದಲ್ಲಿ ಮುದುಡಿಕೊಂಡು ನಾನು, ಹಿಂದೆ ನಿಂಬೆಕಾಯಿ ಚೀಲಗಳ ಮೇಲೆ ಹಿಮ್ಮುಖವಾಗಿ ದಸ್ತಗೀರ.

ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಹೊಲದ ಕಣಕ್ಕಿಂತ ಡಾಂಬರು ರಸ್ತೆ ದೊಡ್ಡ ಕಣ. ಹುರುಳಿ, ಸಜ್ಜೆ, ಸೂರ್ಯಕಾಂತಿ, ಏನು ಬೆಳೆದಿದ್ದರೂ ತಂದು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಅದರ ಮೇಲೆ ಹಾಯ್ದು ಹಾಯ್ದು ಕಾಳು ಬಿಡಿಸಿಕೊಡುತ್ತವೆ. ಗಾಡಿಯವರು ಬೈಯುತ್ತಾರೆ, ರೈತರು ಕೈ ಮುಗಿಯುತ್ತಾರೆ, ಕೆಲಸ ಸಾಗುತ್ತದೆ. ಚಿಕ್ಕಂದಿನಿಂದ ಇದನ್ನೇ ನೋಡಿದ ನಮಗೆ ಬಳ್ಳಿಯ ಮೇಲೆ ಗಾಡಿ ಹಾಯಿಸುವುದೆಂದರೆ ಒಂದು ಉಪಕಾರ ಮಾಡಿದ ಹಾಗೆ.

ಅಂದು ಮುಂಜಾನೆ ರಸ್ತೆಯ ತುಂಬ ಹುರುಳಿ ಹರವಿದ್ದರು. ಇನ್ನೂ ಹರವದೆ ಉಳಿದ ಬಳ್ಳಿಯ ಗುಂಪಿ ಅಂಚಿಗಿತ್ತು. ಎದುರಿಗೆ ಬಸ್ಸು ಬಂತು. ಮಲ್ಲಪ್ಪ ಹ್ಯಾಂಡಲ್ ಹೊರಳಿಸಿದ. ಟಂಟಂ ಜಾರಿ ಆ ಗುಂಪಿಯ ಮೇಲೆಯೇ ಏರಿತು. ಗಾಲಿಯ ಕೆಳಗೆ ಏನೋ ಒಡೆಯಿತು. ಅದು ಬಳ್ಳಿ ಮುರಿದ ಸಪ್ಪಳವಲ್ಲ. ಒಳಗೆ ಟೊಳ್ಳಾದ ಗಟ್ಟಿ ವಸ್ತು ಒಡೆದ ಸಪ್ಪಳ. ಅದರ ಬೆನ್ನಿಗೇ ಒಬ್ಬ ಹೆಂಗಸು ಚೀರಿದ್ದು ಕೇಳಿಸಿತು. ಅಂಥ ಚೀರುವಿಕೆಯನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಮಲ್ಲಪ್ಪ ನನ್ನ ಮುಖ ನೋಡಿದ. ನಾನು ಕೂಗಿದೆ: "ಹೊಡಿ! ನಿಲ್ಲಸಬ್ಯಾಡ, ಹೊಡಿ!"

ಟಂಟಂ ಹೊಡೆದುಕೊಂಡು ಹೋಯಿತು.

ಒಂದು ಊರು ದಾಟಿದ ಮೇಲೆ ದಸ್ತಗೀರ ಹಿಂದಿನಿಂದ ತಗಡು ಬಡಿದ. ನಿಲ್ಲಿಸಿದೆವು. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಗುಂಪೀ ಕೆಳಗ ಯಾರೋ ಮಲಗಿದ್ರಲೇ."

"ನೀ ನೋಡ್ದೇನು?" ಎಂದ ಮಲ್ಲಪ್ಪ.

"ಮಂದೀನ ನೋಡಲಿಲ್ಲ. ಬಳ್ಳಿ ಕೆಳಗಿಂದ ಏನೋ ಒದ್ದಿ ಹರದು ಬಂತು. ಒಬ್ಬಾಕಿ ತಲಿ ಮ್ಯಾಲ ಕೈ ಹೊತ್ತು ಓಡಿ ಬಂದಳು."

"ಯಾವ ಬಣ್ಣದ ಒದ್ದಿ?"

"ಧೂಳದಾಗ ಹೆಂಗ ಗೊತ್ತಾಗತೈತೋ? ಕರ್ರಗ ಕಂಡಿತು."

ಆ ಎರಡು ದಿನಗಳಲ್ಲಿ ಮಲ್ಲಪ್ಪ ಇದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದನೋ! ಯಾವ ಬಣ್ಣ, ಎಷ್ಟು ದೂರ ಹರಿಯಿತು, ಸಾವಕಾಶ ಹರಿಯಿತೋ ಜೋರಾಗಿಯೋ. ದಸ್ತಗೀರ ಪ್ರತಿ ಸಲವೂ ಕರ್ರಗೆ ಎನ್ನುತ್ತಿದ್ದ. ನಮ್ಮ ಕಡೆ ದುಡಿಯುವ ಮಂದಿ ನೆರಳು ಸಿಗದಿದ್ದರೆ ಬಳ್ಳಿಯ ಗುಂಪಿಯಲ್ಲಿ ತಲೆ ಹುದುಗಿಸಿ ಮಲಗುವುದುಂಟು. ನಾನೇ ಎಷ್ಟೋ ಸಲ ಹಾಗೆ ಮಲಗಿದ್ದೇನೆ. ಬಳ್ಳಿಯ ಕೆಳಗೆ ಮಲಗಿದವನು ನನ್ನ ಕಣ್ಣ ಮುಂದೆ ಬಂದು ನಿಂತ. ಬರಬರುತ್ತ ಅವನಿಗೆ ಮುಖ ಬಂತು, ಬಿಳಿಯ ಮೀಸೆ ಬಂತು, ತಲೆಗೆ ರುಮಾಲು ಬಂತು.

ಸಿಂದಗಿಯಲ್ಲಿ ನಿಲ್ಲಲಿಲ್ಲ. ಪೇಟೆಯ ಮುಂದೆಯೇ ಹಾಯ್ದು ತಾಳಿಕೋಟೆಯ ಹಾದಿ ಹಿಡಿದೆವು. ಮಲ್ಲಪ್ಪನ ಫೋನು ರಿಂಗಾಗತೊಡಗಿತು. ನಾನೇ ಕಸಿದುಕೊಂಡು ಬಂದ್ ಮಾಡಿದೆ.

ಭಾರತಿಯ ಸಿನಿಮಾದವರ ಪುಣ್ಯ ಏನೆಂದರೆ ಅವರ ನಾಡಿನಲ್ಲಿ ಮಂದಿ ಕಡಿಮೆ. ತಾಸುಗಟ್ಟಲೆ ಓಡಿದರೂ ನೀವು ಯಾರು ಎಂದು ಕೇಳುವ ಪ್ರಾಣಿ ಎದುರಾಗಲಿಲ್ಲ. ನಮ್ಮ ನಾಡಿನಲ್ಲಿ ಅಪರಾಧ ಮಾಡಿ ಓಡುವುದು ಅಷ್ಟು ಸರಳವಲ್ಲ. ತಾಳಿಕೋಟೆಯಲ್ಲಿ ಚಹಾದ ಅಂಗಡಿಯವನು ಕಪ್ಪು ಕೊಡುವ ಮೊದಲೇ "ಯಾವ ಊರ್ರಿ ನಿಮ್ದು?" ಎಂದ. ಸುಳ್ಳು ಹೇಳಬೇಕೆಂದು ನಾನು ಅಗರಖೇಡ ಎಂದೆ.

"ಅಗರಖೇಡ! ನಮ್ಮ ಅಕ್ಕನ್ನ ಅಲ್ಲೇ ಕೊಟ್ಟೀವಲ್ರಿ. ಯಾರ ಮನ್ಯಾವ್ರು ನೀವು? ಅಗಸಿ ಒಳಗಿನವ್ರೋ, ಹೊರಗಿನವ್ರೋ?"

ಅಗರಖೇಡದ ಅಗಸಿ, ಆ ಊರಬಾಗಿಲು, ಯಾವ ದಿಕ್ಕಿಗಿದೆ ಎಂಬುದೂ ನನಗೆ ಗೊತ್ತಿರಲಿಲ್ಲ. "ನಡುವಿನವ್ರು" ಎಂದುಬಿಟ್ಟೆ. ಅವನು ಕಪ್ಪು ಹಿಡಿದುಕೊಂಡೇ ನನ್ನನ್ನು ನೋಡಿದ. "ತಡೀರಿ, ಅಕ್ಕಗ ಫೋನ್ ಹಚ್ಚತೇನಿ, ಮಾತಾಡ್ರಿ" ಎಂದ. ಚಹಾ ಅಲ್ಲಿಯೇ ಬಿಟ್ಟು ಗಾಡಿ ಹತ್ತಿದೆವು. ಊರ ಹೊರಗೆ ಒಬ್ಬ ಪೊಲೀಸಪ್ಪ ಕೈ ಅಡ್ಡ ಮಾಡಿದ. ನನ್ನ ತೊಡೆ ಮಲ್ಲಪ್ಪನ ತೊಡೆಗೆ ತಾಗಿತ್ತು. ಎರಡೂ ನಡುಗುತ್ತಿದ್ದವು, ಯಾರದು ಯಾರದೆಂದು ತಿಳಿಯಲಿಲ್ಲ. ಪೊಲೀಸಪ್ಪ ಬಗ್ಗಿ ನೋಡಿ ಕೇಳಿದ: "ನಿಂಬಿಕಾಯಿ ಹೆಂಗ್ರಿ?"

"ನಮಗೇನೂ ಗೊತ್ತಿಲ್ರಿ ಸಾಹೇಬ್ರ! ನಾವೇನೂ ನೋಡಿಲ್ರಿ!" ಎಂದ ಮಲ್ಲಪ್ಪ.

"ನಿಂಬಿಕಾಯಿ ಗೊತ್ತಿಲ್ಲದ ನಿಂಬಿಕಾಯಿ ಮಾರಾವ!" ಎಂದು ಆತ ತಲೆ ಅಲ್ಲಾಡಿಸಿ ಬಿಟ್ಟುಕೊಟ್ಟ. ಈ ಮಾತಿಗೆ ನನ್ನ ಕೇಳುಗರು ಯಾವಾಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅಂದು ನಾವು ಒಂದು ಹರದಾರಿ ಹೋಗುವ ತನಕ ಉಸಿರು ಬಿಟ್ಟಿರಲಿಲ್ಲ.

ಮುದ್ದೇಬಿಹಾಳದಲ್ಲಿ ನಮ್ಮ ದೊಡ್ಡವ್ವನ ಮನೆ. ಸಂಜೆಗೆ ಅಲ್ಲಿ ಮುಟ್ಟಿದೆವು. ಆಕೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಮೂವರೂ ರೊಟ್ಟಿ ಮುರಿದು ಮುರಿದು ಗಂಗಾಳದಲ್ಲಿ ಗುಂಪಿ ಹಾಕಿದೆವು, ಬಾಯಿಗೆ ಹಾಕಲಿಲ್ಲ. ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಯಾಕೋ ತಮ್ಮಾ, ಯಾರನ್ನರ ಹೊಡದ ಹಾಕಿ ಬಂದೀರೇನು?"

ಚೇಷ್ಟೆಗೆ ಆಡಿದ ಮಾತು ಅದು. ದಸ್ತಗೀರ ಅಳತೊಡಗಿದ. ಆಮೇಲೆ ಮುಚ್ಚಿಡುವುದು ಏನು ಉಳಿಯಿತು? ಎಲ್ಲ ಹೇಳಿದೆವು. ನಾನು ಕೂಗಿದ ಮಾತೊಂದನ್ನು ಬಿಟ್ಟು. ಮಲ್ಲಪ್ಪನೂ ಅದನ್ನು ಹೇಳಲಿಲ್ಲ. ತಲೆ ತಗ್ಗಿಸಿ "ನಾ ನಿಲ್ಲಸಲಿಲ್ಲ ದೊಡ್ಡವ್ವಾ" ಎಂದಷ್ಟೇ ಅಂದ. ದೊಡ್ಡವ್ವ ಬೈಯಲಿಲ್ಲ. ಗಂಗಾಳಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತ, "ಹಿಂದ ಹೊಳ್ಳಿ ಹೋಗಿ ನೋಡ್ರಿ. ನೋಡಿ ಬಂದು ಉಣ್ಣೀರಂತ" ಎಂದಳು.

ಮರುದಿನ ಮುಂಜಾನೆ ಬಸವನ ಬಾಗೇವಾಡಿಯ ಹಾದಿ ಹಿಡಿದೆವು. ನನ್ನ ಮನಸ್ಸಿನಲ್ಲಿ ಕೊಲ್ಹಾರದ ಸೇತುವೆ ಇತ್ತು. ಅದನ್ನು ದಾಟಿಬಿಟ್ಟರೆ ಹೊಳೆಯ ಆಚೆ ನಮ್ಮನ್ನು ಯಾರು ಕೇಳುತ್ತಾರೆ ಎಂಬ ಹುಚ್ಚು ಧೈರ್ಯ. ಬಾಗೇವಾಡಿಯಲ್ಲಿ ಮಲ್ಲಪ್ಪ ಯಾರನ್ನೂ ಕೇಳದೆ ಸಿಂದಗಿಯ ಹಾದಿಗೆ ಗಾಡಿ ಹೊರಳಿಸಿದ.

"ನನ್ನ ಇಳಸಿಬಿಡು. ನಾ ಬಸ್ ಹಿಡದು ಹೋಗತೇನಿ" ಎಂದೆ. "ನನ್ನ ಆರ್ಡರ್ ಬರೋದೈತಿ. ಪೊಲೀಸ್ ಕೇಸಿನ್ಯಾಗ ಹೆಸರು ಬಂದ್ರ ಮಾಸ್ತರಿಕಿ ಕೊಡೂದಿಲ್ಲ."

ಮಲ್ಲಪ್ಪ ನಿಲ್ಲಿಸಿದ. ಹಿಂದಿನಿಂದ ದಸ್ತಗೀರ, "ಇಳೀಲಿ ಬಿಡಲೇ, ಅವನ ಆರ್ಡರ್ ದೊಡ್ಡದು" ಎಂದ. ಇಳಿದೆ. ರಸ್ತೆಯ ಬದಿಗೆ ನಿಂತೆ. ಟಂಟಂ ಹತ್ತು ಮಾರು ಹೋಗಿರಬೇಕು, ಬಿಳಿಯ ಮೀಸೆಯವನು ನನ್ನ ಪಕ್ಕದಲ್ಲಿ ಬಂದು ನಿಂತ ಹಾಗಾಯಿತು. ಓಡಿ ಹೋಗಿ ಮತ್ತೆ ಹತ್ತಿಕೊಂಡೆ. ಇದನ್ನು ಧೈರ್ಯವೆಂದು ತಿಳಿಯಬೇಡಿ. ಒಬ್ಬನೇ ಅಂಜುವುದಕ್ಕಿಂತ ಮೂವರು ಕೂಡಿ ಅಂಜುವುದು ಲೇಸೆನಿಸಿತು, ಅಷ್ಟೇ.

ಸಿಂದಗಿ ದಾಟಿ ಇಂಡಿಯ ಹಾದಿಯಲ್ಲಿ ಆ ಜಾಗ ಬಂತು. ಹುರುಳಿ ಇರಲಿಲ್ಲ. ಗುಂಪಿ ಇರಲಿಲ್ಲ. ಮಂದಿ ಇರಲಿಲ್ಲ. ಕಸಬರಿಗೆಯಿಂದ ಬಳಿದ ಹಾಗೆ ರಸ್ತೆ ಸ್ವಚ್ಛವಾಗಿತ್ತು. ಇಷ್ಟು ಲಗೂ ಯಾಕೆ ಬಳಿದರು? ಸಾವು ಆದಲ್ಲಿ ಮಾತ್ರ ಹೀಗೆ ಎಲ್ಲ ಎತ್ತಿಕೊಂಡು ಹೋಗುತ್ತಾರೆ. ಮಲ್ಲಪ್ಪ ಇಳಿದು ರಸ್ತೆಯ ಅಂಚಿಗೆ ಕುಕ್ಕರಗಾಲಿನಲ್ಲಿ ಕುಳಿತು ನೆಲವನ್ನು ಕೈಯಿಂದ ಸವರಿ ನೋಡಿದ. ಧೂಳಿನಲ್ಲಿ ಏನು ಉಳಿದೀತು?

"ಏನ ಹುಡಕಾಕತ್ತೀರಿ?"

ಹೊಲದೊಳಗಿನ ಬೇವಿನ ಗಿಡದ ಬುಡದಿಂದ ಒಬ್ಬ ಹೆಂಗಸು ಎದ್ದು ಬಂದಳು. ಸೊಂಟದ ಮೇಲೆ ಕೂಸು, ಇನ್ನೂ ವರ್ಷ ತುಂಬಿರದಂಥದ್ದು. ಮಲ್ಲಪ್ಪ ಎದ್ದು ಕೈ ಮುಗಿದ.

"ಯಕ್ಕಾ, ನಿನ್ನೆ ಇಲ್ಲಿ ಒಂದು ಟಂಟಂ…"

ಆಕೆ ಗಾಡಿ ನೋಡಿದಳು, ನಿಂಬೆಕಾಯಿ ಚೀಲ ನೋಡಿದಳು. "ಓಹೋ, ನೀವಽ ಏನು ಆ ಮಹಾರಾಯರು? ನನ್ನ ನೀರಿನ ಗಡಿಗಿ ಒಡದು ಓಡಿ ಹೋದವ್ರು?"

"ಗಡಿಗಿ?"

"ಹ್ಞೂಂ, ಗಡಿಗಿ! ತಣ್ಣಗ ಇರಲಿ ಅಂತ ಬಳ್ಯಾಗ ಹುಗದಿಟ್ಟಿದ್ದೆ. ನುಚ್ಚು ಮಾಡಿ ಹೋದ್ರಿ."

ದಸ್ತಗೀರ ಅಲ್ಲಿಯೇ ನೆಲಕ್ಕೆ ಕುಸಿದು ನಗತೊಡಗಿದ. "ನೀರಲೇ, ನೀರು!" ಎಂದು ಮಲ್ಲಪ್ಪನ ಬೆನ್ನಿಗೆ ಗುದ್ದಿದ. ನಾನೂ ನಕ್ಕೆ. ನನ್ನ ಕಥೆ ಯಾವಾಗಲೂ ಮುಗಿಯುವುದು ಇಲ್ಲಿಗೇ. ಕೇಳಿದವರು ಚಪ್ಪಾಳೆ ಹೊಡೆದು, ಗಡಿಗೆಯೊಂದರ ಸಲುವಾಗಿ ನಾಲ್ಕು ತಾಲೂಕು ತಿರುಗಿದಿರಲ್ಲೋ ಎಂದು ಚಹಾ ತರಿಸುತ್ತಾರೆ.

ಆದರೆ ಅಂದು ಅದು ಅಲ್ಲಿಗೆ ಮುಗಿದಿರಲಿಲ್ಲ. ಆ ಹೆಂಗಸು ನಗಲಿಲ್ಲ.

"ನಾ ಗಡಿಗೀ ಸಲುವಾಗಿ ಚೀರಿದ್ನಂತ ತಿಳದೀರೇನು?" ಎಂದಳು. "ಗಡಿಗೀ ಬಾಜೂಕಽ ಇದನ್ನ ಮಲಗಿಸಿದ್ದೆ. ಅಳಾಕ ಹತ್ತಿತು, ಎತಗೊಂಡು ಗಿಡದ ಬುಡಕ್ಕ ಬಂದು ಮಲಿ ಕೊಟ್ಟೆ. ಇನ್ನೂ ಒಂದು ಮಗ್ಗಲಾ ಕುಡದಿದ್ದಿಲ್ಲ, ನಿಮ್ಮ ಗಾಡಿ ಬಂತು."

ಕೂಸು ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ದಸ್ತಗೀರನ ನಗು ಬಾಯಲ್ಲಿಯೇ ಉಳಿಯಿತು. ಮಲ್ಲಪ್ಪ ಒಂದು ಚೀಲ ನಿಂಬೆಕಾಯಿ ಇಳಿಸಲು ಹೋದ.

"ನಿಂಬಿಕಾಯಿ ತಗೊಂಡು ಏನ ಮಾಡ್ಲಿ?" ಎಂದಳು ಆಕೆ. "ಇನ್ನೊಮ್ಮೆ ಯಾರರ ಚೀರಿದ್ರ ನಿಲ್ರಿ."

ಆಮೇಲೆ ನನ್ನ ಆರ್ಡರ್ ಬಂತು, ಮಾಸ್ತರನಾದೆ. ಮಲ್ಲಪ್ಪ ಮಾವನಿಗೆ ಟಂಟಂದ ಕೀಲಿ ಕೊಟ್ಟವನು ಮತ್ತೆ ಯಾವ ಗಾಡಿಯ ಹ್ಯಾಂಡಲ್ಲನ್ನೂ ಮುಟ್ಟಲಿಲ್ಲ. ಸಿಂದಗಿಗೆ ಬಂದು ಹೆಂಡತಿಯ ತವರಿನ ಹೊಲ ಮಾಡಿಕೊಂಡು ಉಳಿದ. ನನ್ನ ಮಾತಿನಿಂದ ಒಬ್ಬ ಒಳ್ಳೆಯ ಮನುಷ್ಯ ಕೆಟ್ಟ ಕೆಲಸ ಮಾಡಿದ ಎಂಬ ಮುಳ್ಳು ನನ್ನೊಳಗೆ ಹಾಗೆಯೇ ಇತ್ತು. ಅದನ್ನು ಮುಚ್ಚಲೆಂದೇ ಇಷ್ಟು ವರ್ಷ ಮಂದಿಯನ್ನು ನಗಿಸಿದೆನೋ ಏನೋ.

ಮೊನ್ನೆ ಭಾರತಿ ಟೀವಿ ಬಂದ್ ಮಾಡಿ, "ಕಾಕಾ, ಇದಕ್ಕಿಂತ ನಿಮ್ಮ ಗಡಿಗೀ ಕಥೀನ ಛಲೋ. ಹೇಳ್ರಿ" ಎಂದಳು. ಹೇಳಿದೆ. ಗಡಿಗೆಗೆ ನಿಲ್ಲಿಸದೆ, ಕೂಸಿನ ತನಕ ಹೇಳಿದೆ. ಆಮೇಲೆ, "ನಿಮ್ಮಪ್ಪ ನಿಲ್ಲಸತಿದ್ದ. ಹೊಡಿ ಅಂತ ಒದರಿದವ ನಾ" ಎಂದೆ. ಹುಡುಗಿ ನನ್ನನ್ನು ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ತಿರುಗಿದರೆ ಮಲ್ಲಪ್ಪ, ಕಾಲು ತೊಳೆದು ಬಂದವನು, ಟಾವೆಲ್ ಹಿಡಿದುಕೊಂಡು ನಿಂತಿದ್ದ.

"ಒದರಿದ್ಯೇನು ನೀ?" ಎಂದ. "ನನಗ ಕೇಳಸೇ ಇಲ್ಲ. ಆಕಿ ಚೀರಿದ ಕೂಡ್ಲೇ ನಾ ರೇಸ್ ಕೊಟ್ಟಿದ್ನಲ್ಲೋ."

"ನನ್ನ ಮುಖಾ ನೋಡಿದಿ."

"ನೀ ನಿಲ್ಲಸು ಅಂದುಬಿಟ್ಟೀಯೋ ಏನೋ ಅಂತ ಅಂಜಿ ನೋಡ್ದೆ."

ನಿಜ ಹೇಳಿದನೋ, ನನ್ನ ಭಾರ ಇಳಿಸಲೆಂದು ಹೇಳಿದನೋ, ಈ ತನಕ ಬಗೆಹರಿದಿಲ್ಲ. ನಿಜವಾಗಿದ್ದರೆ ಮಾತ್ರ ನನಗೆ ಮೊದಲಿಗಿಂತ ಹೆಚ್ಚು ಅಂಜಿಕೆ. ಆ ಟಂಟಂದಲ್ಲಿ ನಿಲ್ಲಿಸುವವನು ಒಬ್ಬನಾದರೂ ಇದ್ದ, ನಾನೇ ಅವನನ್ನು ತಡೆದೆ ಎಂದು ತಿಳಿದಿದ್ದೆ. ಅದು ಪಾಪದ ಮಾತಾದರೂ ನನಗೊಂದು ಆಸರೆಯಾಗಿತ್ತು. ಈಗ ನೋಡಿದರೆ ಅದರಲ್ಲಿ ಅಂಥವನು ಯಾರೂ ಇರಲಿಲ್ಲ. ಇದ್ದವರು ನಾವು ಮೂವರು, ಒಳ್ಳೆಯ ಮಂದಿ, ಅಷ್ಟೇ.

"ಬಾ, ಉಣ್ಣೂಣು" ಎಂದು ಮಲ್ಲಪ್ಪ ಒಳಗೆ ಹೋದ. ಭಾರತಿ ಏಳಲಿಲ್ಲ. "ಅಪ್ಪಾ, ಆ ಕೂಸಿನ ಹೆಸರೇನು?" ಎಂದು ಕೂತಲ್ಲಿಂದಲೇ ಕೇಳಿದಳು.

ಒಳಗೆ ಮಲ್ಲಪ್ಪ ಗಂಗಾಳ ಹಾಕತೊಡಗಿದ. ಆಕೆ ನನ್ನ ಕಡೆ ತಿರುಗಿದಳು. ಅಂದು ನಾವು ಅದನ್ನು ಕೇಳಿಯೇ ಇರಲಿಲ್ಲ.