ಚರ್ಚಿನ ಬಾಗಿಲಲ್ಲಿ ಹಾಸಿದ ಸಿಪಾಯಿಯ ಕಲ್ಲು

ಶ್ರೀಲಂಕಾದ ಯುದ್ಧದಲ್ಲಿ ಸತ್ತ ನಮ್ಮ ಓಣಿಯ ಸಿಪಾಯಿಯ ಹೆಸರು ಕೆತ್ತಿದ ಕಲ್ಲನ್ನು ರಾಣೆಬೆನ್ನೂರಿನ ಚರ್ಚಿಗೆ ಚೌಕಾಸಿ ಮಾಡಿ ತಂದವನು ನಾನೇ. ಎಲ್ಲರ ಕಣ್ಣಿಗೂ ಬೀಳಲಿ ಎಂದು ಬಾಗಿಲ ನೆಲದಲ್ಲೇ ಹಾಸಲು ಸಲಹೆ ಕೊಟ್ಟವನೂ ನಾನೇ. ಭಾನುವಾರ ಅವನ ತಾಯಿ ಕಲ್ಲಿನ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ "ಬಾಜೂಕ ಸರದು ಹೋಗ್ರಿ" ಎನ್ನುತ್ತಿದ್ದಳು.

"ಯವ್ವಾ, ಪ್ರಾರ್ಥನಾ ಸುರು ಆತು, ಒಳಗ ಬಾ," ಎಂದೆ.

"ಭಾಳ ಶಾಣ್ಯಾ ಅದಿ ನೀನು. ನಿಮ್ಮಪ್ಪನ ಹೆಸರ ಹಿಂಗ ಬರಸಿ ಮಂದೀ ಕಾಲಾಗ ತುಳಸ್ತಿದ್ದೇನು?"

ಇಂಥ ಕಲ್ಲು ಇಡುವವರು ಜಾಗವನ್ನು ಮೊದಲು ಮನೆಯವರಲ್ಲೇ ಕೇಳಬೇಕು. ಮರುದಿನ ಗೌಂಡಿಯನ್ನು ಕರೆದು ಕಲ್ಲನ್ನು ಕೀಳಿಸಿ ಗೋಡೆಗೆ ಹಾಕಿಸಿದೆ. ಆಕೆಗೆ ಓದು ಬಾರದು, ಮುಟ್ಟಿಯಾದರೂ ನೋಡಲಿ ಎಂದು ಆಕೆಯ ಕೈ ಎಟಕುವಷ್ಟು ಎತ್ತರಕ್ಕೇ ಗುರುತು ಹಾಕಿಕೊಟ್ಟೆ.