ಮಹಡಿಯಿಂದ ಕೇಳಿದ ‘ಅಪ್ಪ’

‘ಅಪ್ಪ’ ಎಂದು ಮಗಳು ಮಹಡಿಯಿಂದ ಕರೆದದ್ದು ಕೇಳಿ, ಹೆಚ್ಚುತ್ತಿದ್ದ ಹುರುಳಿಕಾಯಿ ಬಿಟ್ಟು ಎದ್ದೆ. ಪರದೇಶದ ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಆ ಪದ ಕೇಳಿ ವರ್ಷಗಳೇ ಆಗಿದ್ದವು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಶಾಲೆಗೆ ಸೇರಿದಾಗಿನಿಂದ ಉತ್ತರವೆಲ್ಲ ಇಂಗ್ಲಿಷಿನಲ್ಲೇ. ನಾನು ಬರೀ ‘ಡ್ಯಾಡ್’. ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ. ಅಷ್ಟು ಹೊತ್ತು ಕನ್ನಡ ಆಡಲು ನನಗೆ ನಾನೇ.

‘ಓ, ಬಂದೆ’ ಎನ್ನುತ್ತ ಮೆಟ್ಟಿಲು ಹತ್ತುವಾಗ ಮತ್ತೆ ಅದೇ ಕರೆ. ಒದ್ದೆ ಕೈಯಲ್ಲೇ ಬಾಗಿಲು ತಳ್ಳಿದೆ. ಅವಳು ಟೇಪ್ ರೆಕಾರ್ಡರಿನ ಮುಂದೆ ಪುಸ್ತಕ ಹರಡಿಕೊಂಡು ಕೂತಿದ್ದಳು.

‘ಏನಮ್ಮ, ಕರೆದ್ಯಾ?’

‘ನೋ ಡ್ಯಾಡ್. ಇಟ್ಸ್ ಮೈ ಇಂಡೋನೇಷಿಯನ್ ಹೋಮ್‌ವರ್ಕ್. ಅಪ ಮೀನ್ಸ್ ವಾಟ್.’

ಆ ವರ್ಷ ಶಾಲೆಯಲ್ಲಿ ಫ್ರೆಂಚ್ ಬಿಟ್ಟು ಆ ಭಾಷೆ ತೆಗೆದುಕೊಂಡಿದ್ದಳು. ಅದರಲ್ಲಿ ‘ಅಪ’ ಎಂದರೆ ‘ಏನು’ ಅಂತೆ; ಬಾಗಿಲಲ್ಲಿ ನಿಂತು ನಾನೂ ‘ಏನು’ ಎಂದೇ ಕೇಳಿದ್ದೆ. ಅದನ್ನು ಹೇಳಿ ನಗಿಸೋಣ ಎಂದುಕೊಂಡೆ, ಅವಳು ಆಗಲೇ ಟೇಪನ್ನು ಹಿಂದಕ್ಕೆ ಸುತ್ತುತ್ತಿದ್ದಳು.

ಆಮೇಲೆ ಆ ಹೋಮ್‌ವರ್ಕ್ ಇರುವ ಸಂಜೆಗಳಲ್ಲಿ ರೇಡಿಯೊ ನಿಲ್ಲಿಸಿ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ಮೇಲಿನಿಂದ ‘ಅಪ’ ಎಂದು ಕೇಳಿದಾಗಲೆಲ್ಲ, ಅವಳಿಗೆ ಕೇಳಿಸದಷ್ಟು ಮೆಲ್ಲಗೆ ‘ಓ’ ಎನ್ನುತ್ತಿದ್ದೆ.